ಎರೆ ಹೊಲದ ಗಟ್ಟಿ ಪದರ: ಗುಂಡಿ ತೋಡಿ ಹೆಸರಿಟ್ಟ ಬಗೆ

ತೊಗರಿ ಸಾಲು ಒಣಗತೊಡಗಿದರೆ ಕಲಬುರಗಿ ಸೀಮೆಯಲ್ಲಿ ಮೊದಲು ದೂರು ಹೊರುವುದು ನೆಟೆ ರೋಗ. ಅದಲ್ಲ ಎಂದು ಖಾತ್ರಿಯಾದ ಮೇಲೆ ಬರುವ ಮಾತು, ‘ಕೆಳಗೆ ಗಟ್ಟಿ ಪದರ ಇದೆ’. ಈ ಎರಡನೆಯ ಮಾತಿನ ಬೆನ್ನಿಗೇ ಯಾರಾದರೊಬ್ಬರು ಟ್ರ್ಯಾಕ್ಟರಿಗೆ ಸಬ್‌ಸಾಯಿಲರ್ ಕಟ್ಟಿಕೊಂಡು ಬಂದು ಮೂರು ಅಡಿ ಸೀಳಿಕೊಡುತ್ತೇನೆ ಎನ್ನುತ್ತಾರೆ. ಮಣ್ಣು ಸಮೀಕ್ಷೆಯ ಕೆಲಸಕ್ಕೆಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೊಲಗಳಲ್ಲಿ ಓಡಾಡಿದವನಾಗಿ ನಾನು ಹೇಳುವುದು ಇಷ್ಟೇ: ಗಟ್ಟಿ ಎನ್ನುವುದು ಪದರದ ಹೆಸರಲ್ಲ. ಯಾವ ತೇವದಲ್ಲಿ ಗಟ್ಟಿ, ನೀರಿಗೆ ಹಾಕಿದರೆ ಏನಾಗುತ್ತದೆ, ಒತ್ತಿದರೆ ಹೇಗೆ ಮುರಿಯುತ್ತದೆ ಎಂದು ಕೇಳದೆ ಯಾರೂ ಸೀಳುವುದಕ್ಕೆ ಹಣ ಕೊಡಬಾರದು.

ಈ ಪ್ರಶ್ನೆಗಳನ್ನು ನನಗೆ ಕಲಿಸಿದ್ದು ನಮ್ಮ ಮಣ್ಣಲ್ಲ, ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಮಣ್ಣು. ಪದವಿಯಲ್ಲಿ ಓದುವಾಗ ಪಠ್ಯದಲ್ಲಿ ಗ್ರೆನಾಡಾ, ಲೋರಿಂಗ್ ಎಂಬ ಮಣ್ಣು ಸರಣಿಗಳ ವಿವರಣೆ ಬಂದಿತ್ತು. ಹಿಮಯುಗದಲ್ಲಿ ಹಿಮನದಿಗಳು ಅರೆದು ಹೊಳೆಗೆ ಬಿಟ್ಟ ರೇವೆಯನ್ನು ಗಾಳಿ ಎತ್ತಿ ದಡದಾಚೆಯ ದಿಬ್ಬಗಳ ಮೇಲೆ ಹೊದಿಸಿತು, ಅದೇ ಲೋಯಸ್. ಬೆರಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಷ್ಟು ನುಣುಪು. ಆ ಮಣ್ಣಿನಲ್ಲಿ ಅರ್ಧ ಮೀಟರಿನಿಂದ ಒಂದು ಮೀಟರ್ ಆಳದೊಳಗೆ ಎಲ್ಲೋ ಒಂದು ಕಡೆ ಫ್ರ್ಯಾಜಿಪ್ಯಾನ್ ಎಂಬ ದಟ್ಟ ಪದರ ಸಿಗುತ್ತದೆ. ಅದು ಒಡೆದುಕೊಂಡಿರುವುದು ದೊಡ್ಡ ದೊಡ್ಡ ಕಂಬಗಳಾಗಿ. ಕಂಬಗಳ ನಡುವಿನ ಸಂದು ಬೂದುಬಣ್ಣಕ್ಕೆ ತಿರುಗಿರುತ್ತದೆ, ಬೇರು ಇಳಿಯುವುದೂ ಆ ಸಂದಿನಲ್ಲೇ. ಕಂಬದ ಒಳಗೆ ಬೇರಿಗೆ ಪ್ರವೇಶವಿಲ್ಲ. ಮಳೆಗಾಲದ ನೀರು ಅದರ ಮೇಲೆಯೇ ನಿಂತು ಪಕ್ಕಕ್ಕೆ ಜಿನುಗುತ್ತದೆ. ಹೀಗೇಕೆ ದಟ್ಟವಾಯಿತು ಎಂಬುದರ ಮೇಲೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ನೆನೆದ ಲೋಯಸ್ ತನ್ನ ಭಾರಕ್ಕೇ ಕುಸಿದು ಕಣಗಳು ಒತ್ತೊತ್ತಾಗಿ ಕೂತವು ಎನ್ನುವವರಿದ್ದಾರೆ, ಸಿಲಿಕಾದ ತೆಳು ಬೆಸುಗೆ ಎನ್ನುವವರೂ ಇದ್ದಾರೆ.

ನನಗೆ ಹಿಡಿಸಿದ್ದು ಅದರ ಕಾರಣವಲ್ಲ, ಅದನ್ನು ಗುರುತಿಸಲು ಬರೆದಿಟ್ಟ ನಿಯಮ. ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿಯ ಪ್ರಕಾರ ಪದರ ಕನಿಷ್ಠ 15 ಸೆಂ.ಮೀ. ದಪ್ಪ ಇರಬೇಕು. ಬೇರು ಇಳಿಯಬಲ್ಲ ಸಂದುಗಳ ನಡುವೆ ಸರಾಸರಿ 10 ಸೆಂ.ಮೀ. ಅಥವಾ ಹೆಚ್ಚು ಅಂತರವಿರಬೇಕು. 5ರಿಂದ 10 ಸೆಂ.ಮೀ. ಅಗಲದ ಒಣ ಹೆಂಟೆಯನ್ನು ನೀರಿನಲ್ಲಿ ಮುಳುಗಿಸಿದರೆ ಅದು ಉದುರಿ ಬೀಳಬೇಕು. ಬೀಳದಿದ್ದರೆ ಅದು ಅಂಟಿ ಕಲ್ಲಾದ ಬೇರೆ ಪದರ. ತೇವವಿದ್ದಾಗ ಒತ್ತಿದರೆ ಮೆತ್ತಗೆ ಬಾಗದೆ ಫಟ್ಟೆಂದು ಒಡೆಯಬೇಕು. ಆಮ್ಲದ ಹನಿ ಬಿದ್ದರೆ ನೊರೆ ಏಳಬಾರದು. ಒಂದು ಷರತ್ತು ತಪ್ಪಿದರೂ ಆ ಹೆಸರಿಲ್ಲ. ಒಣಗಿದಾಗ ಎಷ್ಟು ಗಟ್ಟಿ ಎಂಬುದನ್ನು ಈ ನಿಯಮ ಕೇಳುವುದೇ ಇಲ್ಲ; ಮುರಿಯುವ ಪರೀಕ್ಷೆಯನ್ನು ತೇವದಲ್ಲೇ ಮಾಡಿ ಎನ್ನುತ್ತದೆ. ನಮ್ಮ ಎರೆ ಭೂಮಿಗೆ ಇದಕ್ಕಿಂತ ಉಪಯುಕ್ತ ಬುದ್ಧಿಮಾತು ಬೇರೆ ಇಲ್ಲ.

ನಮ್ಮಲ್ಲಿ ಲೋಯಸ್ ಇಲ್ಲ. ಆಳಂದ, ಚಿಂಚೋಳಿಯ ಕಡೆ ಕಪ್ಪು ಬಸಾಲ್ಟ್, ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಪದರಗಲ್ಲು, ಯಾದಗಿರಿಯ ಕಡೆಗೆ ಹೋದರೆ ಗ್ರಾನೈಟ್. ಮಣ್ಣು ಆ ಬಂಡೆಗಳು ಕರಗಿಯೋ ಹೊಳೆ ತಂದು ಹಾಕಿಯೋ ಆದದ್ದು. ಹಾಗಾಗಿ ಫ್ರ್ಯಾಜಿಪ್ಯಾನ್ ಹುಡುಕಲು ನಾನು ಯಾರ ಹೊಲಕ್ಕೂ ಹೋಗುವುದಿಲ್ಲ. ಅದರ ಪ್ರಶ್ನೆಗಳನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ಹೊಳೆಯಿಂದ ಸ್ವಲ್ಪ ದೂರದ ಒಂದು ಹೊಲದ ಕಥೆ ಹೇಳಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. ಹೊಲದ ಯಜಮಾನರು ವಯಸ್ಸಾದವರು, ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಬೇಸಿಗೆಯಲ್ಲಿ ಅವರೇ ಹಾರೆ ಹಾಕಿ ನೋಡಿದ್ದರು. ‘ಒಂದು ಮೊಳದ ಕೆಳಗೆ ಠಣ್ ಎನ್ನುತ್ತದೆ ಸರ್, ಕಲ್ಲೇ ಇದೆ. ಸೀಳಿಸಿಬಿಡಲೇ?’ ಎಂದು ಕೇಳಿದರು. ‘ಮಳೆ ನಿಲ್ಲುವ ತನಕ ತಡೆಯಿರಿ ಕಾಕಾ, ತೇವದಲ್ಲಿ ನೋಡಿ ಹೇಳುತ್ತೇನೆ’ ಎಂದೆ. ಅವರಿಗೆ ಅದು ನೆವ ಎನ್ನಿಸಿರಬೇಕು. ಒಣಗಿದ ಎರೆ ಎಲ್ಲವೂ ಕಲ್ಲೇ. ಹೆಂಟೆಯ ಸಾಂದ್ರತೆ ಅಳೆದರೂ ಹಾಗೆಯೇ: ಬೇಸಿಗೆಯಲ್ಲಿ ಘನ ಸೆಂಟಿಮೀಟರಿಗೆ 1.8 ಗ್ರಾಂ ತೋರಿಸುವ ಮಣ್ಣು ಹದವಾಗಿ ನೆನೆದಾಗ 1.3ರ ಆಸುಪಾಸಿಗೆ ಇಳಿದಿರುತ್ತದೆ, ಏಕೆಂದರೆ ಆ ಜೇಡಿ ನೀರು ಕುಡಿದು ಹಿಗ್ಗುತ್ತದೆ. ತೇವಾಂಶ ಬರೆಯದೆ ಎರೆ ಮಣ್ಣಿನ ಸಾಂದ್ರತೆಯ ಅಂಕಿಯನ್ನು ಮಾತ್ರ ಕೊಟ್ಟ ವರದಿ ಕಂಡರೆ ನಾನು ಪಕ್ಕಕ್ಕಿಡುತ್ತೇನೆ.

ಮಳೆ ಹಿಂದೆ ಸರಿದು, ಮೇಲ್ಮಣ್ಣು ಕಾಲಿಗೆ ಅಂಟುವುದು ನಿಂತ ಮೇಲೆ ಗುಂಡಿ ತೋಡಿಸಿದೆವು. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಬಾವಿಯ ಮಣ್ಣು ಚೆಲ್ಲಿದ ಜಾಗ, ಬಂಡಿ ಜಾಡು ಇವುಗಳನ್ನು ಬಿಟ್ಟು, ಒಣಗಿದ ಗಿಡಗಳ ನಡುವೆ ಒಂದು, ಚೆನ್ನಾಗಿದ್ದ ಗಿಡಗಳ ನಡುವೆ ಇನ್ನೊಂದು. ಎರಡು ಗುಂಡಿ ಇಲ್ಲದೆ ನನಗೆ ಸಮಾಧಾನವಿಲ್ಲ. ಒಂದೇ ಗುಂಡಿ ಏನನ್ನು ಬೇಕಾದರೂ ಹೇಳುತ್ತದೆ. ಬಿಸಿಲು ಬೀಳುವ ಗೋಡೆಯನ್ನು ನೋಡುವುದಕ್ಕೆ ಇಟ್ಟು, ತೆಗೆದ ಮಣ್ಣನ್ನು ಆಚೆ ಬದಿಗೆ ಹಾಕಿಸಬೇಕು. ಎರೆ ಗುಂಡಿಯ ಗೋಡೆ ನಂಬಿಕೆಗೆ ಅರ್ಹವಲ್ಲ, ಇದನ್ನು ಒತ್ತಿ ಹೇಳುತ್ತೇನೆ: ಒಳಗಿನ ಜಾರುಮೈಗಳ ಗುಂಟ ದೊಡ್ಡ ಬೆಣೆಯೊಂದು ಸದ್ದಿಲ್ಲದೆ ಕಳಚಿ ಬೀಳುತ್ತದೆ. ಒಂದು ಬದಿಯನ್ನು ಮೆಟ್ಟಿಲಾಗಿ ಕಡಿಸಿ, ಮೇಲೆ ಒಬ್ಬರನ್ನು ನಿಲ್ಲಿಸಿಯೇ ಇಳಿಯುತ್ತೇನೆ.

ಗೋಡೆಯನ್ನು ಸನಿಕೆಯಲ್ಲಿ ಸವರಿದರೆ ಎಲ್ಲ ಪದರವೂ ಒಂದೇ ಥರ ಕಾಣುತ್ತದೆ, ಹಾಗಾಗಿ ಚಾಕುವಿನ ಮೊನೆಯಿಂದ ಸಣ್ಣ ಸಣ್ಣ ಹೆಂಟೆಯನ್ನು ಕೀಳುತ್ತಾ ಹೋಗಬೇಕು. ಒಣಗಿದ ಗಿಡಗಳ ಗುಂಡಿಯಲ್ಲಿ ಮೇಲಿನ 15 ಸೆಂ.ಮೀ. ಪುಡಿ ಪುಡಿ, ರೋಟಾವೇಟರ್ ಹೊಡೆದ ಹೊಲದ ಲಕ್ಷಣ. ಅದರ ಕೆಳಗೆ ಒಂದು ಗೇಣಿಗೂ ಕಡಿಮೆ ದಪ್ಪದ ಪದರದಲ್ಲಿ ಚಾಕು ತಡೆಯಿತು. ಹೆಂಟೆ ಅಡ್ಡಡ್ಡ ಬಿಲ್ಲೆಗಳಾಗಿ ಎದ್ದುಬಂತು. ತೊಗರಿಯ ತಾಯಿಬೇರು ಅಲ್ಲಿಗೆ ಬಂದು ಅಡ್ಡ ತಿರುಗಿ ಒಂದಷ್ಟು ದೂರ ಹರಿದು, ಬಿರುಕು ಸಿಕ್ಕ ಕಡೆ ಮತ್ತೆ ಕೆಳಗಿಳಿದಿತ್ತು. ಅದರ ಕೆಳಗೆ ಮಣ್ಣಿನ ರೂಪವೇ ಬೇರೆ. ಬಣ್ಣ, ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕದಲ್ಲಿ 10 ವೈ.ಆರ್. 3/1, ಅಂದರೆ ಕಡು ಬೂದು, ಹೆಂಟೆಗಳು ಓರೆಯಾಗಿ ಕೂತ ಬೆಣೆಗಳು, ಒಂದರ ಮೇಲೊಂದು ಉಜ್ಜಿ ಹೊಳಪೆದ್ದ ಮೈ. ಜಾರುಮೈ, ಅಂದರೆ ಸ್ಲಿಕನ್‌ಸೈಡ್, ಎಂದರೆ ಇದೇ. ಸುಮಾರು 95 ಸೆಂ.ಮೀ. ದಾಟಿದ ಮೇಲೆ ಸುಣ್ಣದ ಹರಳು ಹೆಚ್ಚಾಗಿ, ಒಂದೂವರೆ ಮೀಟರಿನ ಹತ್ತಿರ ಕೊಳೆತ ಪದರಗಲ್ಲು ಕಂಡಿತು. ಚೆನ್ನಾಗಿದ್ದ ಗಿಡಗಳ ಗುಂಡಿಯಲ್ಲಿ ಕೆಳಗಿನದೆಲ್ಲ ಇದೇ, ಬಿಲ್ಲೆ ಪದರ ಮಾತ್ರ ತೀರ ತೆಳು.

ಇನ್ನು ಪರೀಕ್ಷೆ. ಒಣ ಹೆಂಟೆಗಳನ್ನು ಮಳೆನೀರು ತುಂಬಿದ ಪಾರದರ್ಶಕ ಡಬ್ಬಿಗೆ ಇಳಿಬಿಟ್ಟೆ. ಕೊಳವೆಬಾವಿಯ ನೀರಾದರೆ ಅದರ ಲವಣವೇ ಉತ್ತರವನ್ನು ಕೆಡಿಸುತ್ತದೆ. ಬಿಲ್ಲೆ ಪದರದ್ದೂ ಕೆಳಗಿನದ್ದೂ ಕೆಲ ನಿಮಿಷಗಳಲ್ಲಿ ಉದುರಿ ರಾಶಿಯಾದವು, ಮೇಲಿನ ನೀರು ತಿಳಿಯಾಗಿಯೇ ಉಳಿಯಿತು. ‘ನೋಡಿ ಕಾಕಾ, ನಿಮ್ಮ ಕಲ್ಲು’ ಎಂದು ಡಬ್ಬಿ ಕೊಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಇಲ್ಲಿಗೆ ನಿಲ್ಲಿಸಿದರೆ ಫ್ರ್ಯಾಜಿಪ್ಯಾನಿಗೂ ಎರೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ, ಎರಡೂ ನೀರಿನಲ್ಲಿ ಉದುರುತ್ತವೆ. ವ್ಯತ್ಯಾಸ ಇರುವುದು ಹೆಬ್ಬೆರಳಿನಲ್ಲಿ. ತೇವದ ಹೆಂಟೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ನಿಧಾನ ಒತ್ತಿದರೆ ನಮ್ಮದು ಚಪ್ಪಟೆಯಾಗುತ್ತದೆ, ಹೊಸೆದರೆ ಉದ್ದ ಪಟ್ಟಿಯಾಗಿ ಎಳೆದುಕೊಳ್ಳುತ್ತದೆ. ಶೇ. 50 ದಾಟಿದ ಜೇಡಿಗೆ ಫಟ್ಟೆಂದು ಒಡೆಯುವ ಗುಣ ಎಲ್ಲಿಂದ ಬರಬೇಕು? ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ಮೇಲಿನಿಂದ ಕೆಳಗಿನ ತನಕ ನೊರೆ ಎದ್ದಿತು. ಲೋಯಸ್ ಮಣ್ಣಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ವರ್ಗೀಕರಣದ ಕೈಪಿಡಿಯಲ್ಲಿ ಗಣಗಳನ್ನು ಒಂದು ಕ್ರಮದಲ್ಲಿ ಕೇಳುತ್ತಾ ಹೋಗಬೇಕು, ಮೊದಲು ಹೊಂದಿದ್ದರಲ್ಲೇ ನಿಲ್ಲಬೇಕು. ಹಿಗ್ಗಿ ಕುಗ್ಗಿ ಬಿರಿಯುವ ಜೇಡಿ ಮಣ್ಣಿನ ಗಣವಾದ ವರ್ಟಿಸಾಲ್‌ಗೆ ಬೇಕಾದದ್ದು ಮೂರು: ಒಂದು ಮೀಟರಿನೊಳಗೆ ಆರಂಭವಾಗುವ, ಕನಿಷ್ಠ 25 ಸೆಂ.ಮೀ. ದಪ್ಪದ ಜಾರುಮೈ ಅಥವಾ ಬೆಣೆಗಳ ಪದರ. ಮೇಲಿನ 50 ಸೆಂ.ಮೀ.ನಲ್ಲಿ ಶೇ. 30ಕ್ಕೆ ಕಡಿಮೆಯಿಲ್ಲದ ಜೇಡಿ. ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು. ಮೂರನೆಯದಕ್ಕೆ ಗುಂಡಿ ಬೇಡ, ಮಾರ್ಚಿಯಲ್ಲಿ ಆ ಹೊಲದಲ್ಲಿ ನಡೆದರೆ ಸಾಕು. ನಮ್ಮ ಮಳೆಗಾಲದ ತೇವಕ್ಕೆ ಅದು ಅಸ್ಟರ್ಟ್ ಉಪಗಣ. ಮುಂದಿನ ಹೆಜ್ಜೆ ಸುಣ್ಣದ ಮೇಲೆ ನಿಂತಿದೆ. ಒಂದು ಮೀಟರಿನೊಳಗೆ ಲೆಕ್ಕಕ್ಕೆ ಸಿಗುವಷ್ಟು ಸುಣ್ಣದ ಪದರವಿದ್ದರೆ ಕ್ಯಾಲ್ಸಿಅಸ್ಟರ್ಟ್, ಇಲ್ಲದಿದ್ದರೆ ಹ್ಯಾಪ್ಲಸ್ಟರ್ಟ್. ಹರಳು ಕಂಡ ಮಾತ್ರಕ್ಕೆ ಇದನ್ನು ಹೇಳಲಾಗದು, ಪ್ರಯೋಗಾಲಯದಲ್ಲಿ ಕಾರ್ಬೊನೇಟ್ ಶೇ. 15 ಮುಟ್ಟಬೇಕು. ಕಪ್ಪು ಬಳಿದುಕೊಂಡ ಗಟ್ಟಿ ಹರಳು ಬೇರೆಡೆಯಿಂದ ಬಂದದ್ದಿರಬಹುದು. ಮೆತ್ತಗಿನ ಬಿಳಿ ಸುಣ್ಣವೇ ಅಲ್ಲೇ ಹುಟ್ಟಿದ್ದು. ಕಾಕಾ ಅವರ ಮಣ್ಣು ಆ ಗೆರೆ ಮುಟ್ಟಲಿಲ್ಲ, ಹ್ಯಾಪ್ಲಸ್ಟರ್ಟ್ ಎಂದು ಬರೆದೆ. ಹಳೆಯ ವರದಿಗಳಲ್ಲಿ ಇಂಥವನ್ನು ಪೆಲ್ಲಸ್ಟರ್ಟ್ ಎಂದಿರುವುದು ಕಂಡರೆ ಗಾಬರಿ ಬೇಡ; 1992ರ ಪರಿಷ್ಕರಣೆಯಲ್ಲಿ ಆ ಹೆಸರು ಹೋಯಿತು, ಮಣ್ಣು ಅದೇ. ಅತ್ತ ಗ್ರೆನಾಡಾ ಸರಣಿ ವರ್ಟಿಸಾಲ್ ದಾಟಿ ಆ ಕ್ರಮದಲ್ಲಿ ಎಷ್ಟೋ ಕೆಳಗಿನ ಆಲ್ಫಿಸಾಲ್ ಎಂಬ ಗಣದಲ್ಲಿ ಫ್ರ್ಯಾಗ್ಲಾಸುಡಾಲ್ಫ್ ಆಗಿ ಕೂರುತ್ತದೆ. ಹೆಸರಿನ ಮೊದಲ ತುಂಡೇ ಫ್ರ್ಯಾಜಿಪ್ಯಾನ್, ಅಂದರೆ ಅಲ್ಲಿ ಗಟ್ಟಿ ಪದರವೇ ಮಣ್ಣಿನ ಗುರುತು. ಕಾಕಾ ಅವರ ಬಿಲ್ಲೆ ಪದರಕ್ಕೆ ವರ್ಗೀಕರಣದಲ್ಲಿ ಜಾಗವೇ ಇಲ್ಲ, ಏಕೆಂದರೆ ಅದನ್ನು ಮಾಡಿದ್ದು ಪ್ರಕೃತಿಯಲ್ಲ, ಹಸಿ ಹೊಲದಲ್ಲಿ ವರ್ಷವರ್ಷವೂ ಒಂದೇ ಆಳಕ್ಕೆ ಓಡಿದ ಯಂತ್ರ.

ಎಲ್ಲ ಕಡೆ ಇಷ್ಟು ಸಲೀಸಾಗಿ ಬಿಡುವುದಿಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ನೀರಾವರಿಯಲ್ಲಿ ತಗ್ಗಿನ ಹೊಲಗಳ ಹೆಂಟೆಯನ್ನು ಅದೇ ಡಬ್ಬಿಗೆ ಹಾಕಿದರೆ ಅದು ಉದುರುವುದಷ್ಟೇ ಅಲ್ಲ, ಸುತ್ತ ಮಬ್ಬು ಎದ್ದು ಮರುದಿನವೂ ನೀರು ತಿಳಿಯಾಗುವುದಿಲ್ಲ. ಸೋಡಿಯಂ ಹೆಚ್ಚಿದ ಮಣ್ಣು ಅದು. ಕರಗಿದ ಸುಣ್ಣವೆಲ್ಲ ಕಾರ್ಬೊನೇಟಾಗಿ ಗಟ್ಟಿಯಾಗುತ್ತಾ ಹೋದಂತೆ ಜೇಡಿಯ ಮೇಲೆ ಸೋಡಿಯಂನ ಪಾಲು ಏರುತ್ತದೆ, ಜೇಡಿ ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತದೆ. ಜೇಡಿ ಹಿಡಿದುಕೊಂಡ ಈ ವಿನಿಮಯ ಸೋಡಿಯಂ ಶೇ. 15 ದಾಟಿದರೆ ಹೆಸರಿಗೆ ಸೋಡಿಕ್ ಎಂದು ಸೇರುತ್ತದೆ. ತೊಗರಿ ಅದಕ್ಕಿಂತ ಮುಂಚೆಯೇ ಸೋತಿರುತ್ತದೆ. ಅಲ್ಲಿ ಸೀಳಿಸುವುದು ಶುದ್ಧ ದಂಡ. ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಮ್.

ಬೀದರ್ ಕಡೆಯ ಜಂಬಿಟ್ಟಿಗೆ ಇದೆಲ್ಲದರ ತದ್ವಿರುದ್ಧ. ನೆಲದೊಳಗೆ ಕಡಿಯಲು ಬರುವಷ್ಟು ಮೆತ್ತಗಿದ್ದು, ಹೊರಗೆ ಬಿಸಿಲಿಗೆ ಒಣಗಿದ ಮೇಲೆ ಮತ್ತೆ ಮೆತ್ತಗಾಗದು. ಕೋಟೆಯ ಮೂರು ಸಾಲಿನ ಕಂದಕವನ್ನು ಕೊರೆದಿರುವುದು ಇದೇ ಕಲ್ಲಿನಲ್ಲಿ. ಅದರ ತುಂಡು ನೀರಿನ ಡಬ್ಬಿಯಲ್ಲಿ ವಾರವಿಟ್ಟರೂ ಹಾಗೇ ಕೂತಿರುತ್ತದೆ, ಆಮ್ಲಕ್ಕೂ ಜಗ್ಗುವುದಿಲ್ಲ.

ಕಾಕಾ ಅವರಿಗೆ ಮೂರು ಅಡಿ ಸೀಳುವುದು ಬೇಡ ಎಂದೆ. ಅವರ ಎರೆ ಪ್ರತಿ ಬೇಸಿಗೆಯಲ್ಲೂ ತಾನೇ ಬಿರಿದು ಅಷ್ಟು ಆಳವನ್ನು ಪುಕ್ಕಟೆ ಸೀಳುತ್ತದೆ. ಬಿಲ್ಲೆ ಪದರವನ್ನು ಒಡೆಯಲು ಒಂದು ಅಡಿ ಇಳಿಯುವ ನೇಗಿಲು ಸಾಕು, ಅದೂ ನೆಲ ಒಣಗಿರುವಾಗ. ಹಸಿಯಲ್ಲಿ ಹೊಡೆದರೆ ಒಡೆಯುವುದಿಲ್ಲ, ಇನ್ನೊಂದು ಬಿಲ್ಲೆ ಕೂರುತ್ತದೆ. ಅದಕ್ಕಿಂತ ಮುಖ್ಯ, ಆ ಹೊಲದ ಗಿಡ ಸೊರಗಿದ್ದು ಮಳೆಗಾಲದ ನಡುವೆ ನಿಂತ ನೀರಿಗೆ. ಪಟಂಚೇರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1970ರ ದಶಕದಿಂದಲೂ ಇಂಥ ಕಪ್ಪು ಮಣ್ಣಿಗೆ ಅಗಲ ಮಡಿ ಮತ್ತು ಕಾಲುವೆಯ ಪದ್ಧತಿಯನ್ನು ಹೇಳುತ್ತಲೇ ಬಂದಿದೆ. ಅಷ್ಟು ಮಾಡಲಾಗದಿದ್ದರೂ ಇಳಿಜಾರಿಗೆ ತುಸು ಓರೆಯಾಗಿ ಬೋದು ಎತ್ತಿ, ಕೆಳಬದುವಿನಲ್ಲಿ ನೀರು ಹೋಗಲು ಒಂದು ಗಂಡಿ ಬಿಡಿ ಎಂದೆ. ಬೋದಿಗೆ ಒಪ್ಪಿದರು. ಗಂಡಿಯ ಮಾತಿಗೆ ಸುಮ್ಮನಾದರು, ಏಕೆಂದರೆ ಕೆಳಗಿನ ಹೊಲ ಅವರ ತಮ್ಮನದು, ನೀರು ಅತ್ತ ಬಿಟ್ಟರೆ ಜಗಳ ಖಂಡಿತ. ಆ ಇತ್ಯರ್ಥಕ್ಕೆ ನನ್ನ ಕೈಪಿಡಿಯಲ್ಲಿ ಪುಟವಿಲ್ಲ. ಇಬ್ಬರನ್ನೂ ಅದೇ ಗುಂಡಿಯ ದಂಡೆಗೆ ಕರೆಸಿ, ಬದುವಿನ ಗುಂಟ ಹಳ್ಳದ ತನಕ ಗೆರೆ ಎಳೆದು ತೋರಿಸಿದ ಮೇಲೆ ತಮ್ಮ ಅರ್ಧ ಖರ್ಚು ಕೊಡಲು ಒಪ್ಪಿದ.