ಆಟ ತುಂಬಿದ ಮೆಮೊರಿ ಕಾರ್ಡ್ ಕೊಳ್ಳುವ ಮುನ್ನ

ಹಳೆಯ ಮಾರಿಯೊ, ಕಾಂಟ್ರಾ ಆಟಗಳನ್ನು ಆಡಿಸುವ ಅಂಗೈಯಗಲದ ಕನ್ಸೋಲ್‌ಗಳಿಗೆ ಮತ್ತೆ ಕಾಲ ಬಂದಿದೆ. ಆರ್36ಎಸ್, ಮಿಯೂ ಮಿನಿ ಪ್ಲಸ್, ಆರ್‌ಜಿ35ಎಕ್ಸ್‌ಎಕ್ಸ್ ಎಂಬ ಹೆಸರುಗಳು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಹಿಂದಿನ ಸೀಟಿನಲ್ಲೂ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಜೊತೆಗೆ ಬಂದ ಹೆಸರಿಲ್ಲದ ಮೆಮೊರಿ ಕಾರ್ಡ್. ಅದು ಕೆಟ್ಟಾಗ ಜನ ಆಟ ತುಂಬಿದ ಇನ್ನೊಂದು ಕಾರ್ಡನ್ನು ಹುಡುಕುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಗದಗ ಹಾವೇರಿಯಿಂದ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಬಂದು ಕೊಂಡರೂ ಸರಿ, ನಿಮ್ಮ ಹಣ ಹೋಗುವುದು ಕಾರ್ಡಿಗೆ. ಆದ್ದರಿಂದ ಕಾರ್ಡನ್ನೇ ಪರೀಕ್ಷಿಸಿ.

ಮೊದಲು ನಿಮ್ಮ ಕನ್ಸೋಲ್ ನೋಡಿ

ಅಂಚಿನಲ್ಲಿ ‘ಟಿಎಫ್’ ಎಂದು ಬರೆದ ಸೀಳು ಇರುತ್ತದೆ. ಅದು ಮೊಬೈಲಿಗೆ ಹಾಕುವ ಮೈಕ್ರೊ ಎಸ್‌ಡಿ ಕಾರ್ಡಿನ ಜಾಗವೇ. ಮಿಯೂ ಮಿನಿ ಪ್ಲಸ್‌ನಲ್ಲಿ ಇಂಥದ್ದು ಒಂದೇ, ಆರ್36ಎಸ್‌ನಲ್ಲಿ ಎರಡು. ಎರಡಿದ್ದರೆ ಒಂದರಲ್ಲಿ ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆ, ಇನ್ನೊಂದರಲ್ಲಿ ಆಟಗಳು. ಒಂದು ಮಾದರಿಗೆ ಸಿದ್ಧಪಡಿಸಿದ ಕಾರ್ಡ್ ಇನ್ನೊಂದರಲ್ಲಿ ಸಾಮಾನ್ಯವಾಗಿ ಶುರುವಾಗುವುದಿಲ್ಲ. ಆರ್36ಎಸ್‌ನ ವಿಷಯ ಇನ್ನೂ ತೊಡಕಿನದು: ಒಂದೇ ಹೆಸರಿನ ಯಂತ್ರಗಳಲ್ಲಿ ಬೇರೆ ಬೇರೆ ಪರದೆಗಳಿರುತ್ತವೆ, ಪ್ರತಿ ಪರದೆಗೂ ಬೇರೆ ಡಿಟಿಬಿ ಕಡತ (ಯಂತ್ರದಲ್ಲಿ ಯಾವ ಬಿಡಿಭಾಗಗಳಿವೆ ಎಂದು ವ್ಯವಸ್ಥೆಗೆ ತಿಳಿಸುವ ಕಡತ) ಬೇಕು. ಗೆಳೆಯನ ಯಂತ್ರದ ಕಾರ್ಡ್ ಹಾಕಿದಾಗ ದೀಪ ಹೊತ್ತಿಯೂ ಪರದೆ ಕಪ್ಪಾಗಿಯೇ ಉಳಿಯಲು ಇದೇ ಕಾರಣ. ಹಳೆಯ ಕಾರ್ಡ್ ಪೂರ್ತಿ ಕೆಡುವ ಮುನ್ನ ಯಂತ್ರ ಶುರುವಾಗಲು ಬೇಕಾದ ಅದರ ಬೂಟ್ ಭಾಗದ ಕಡತಗಳನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ.

ಸಾವಿರಗಳ ಲೆಕ್ಕಕ್ಕೆ ಮರುಳಾಗಬೇಡಿ

ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೊ ಗೇಮ್ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದಿರುತ್ತಿತ್ತು. ಒಳಗೆ ಕೆಲವೇ ಆಟಗಳು ಮತ್ತೆ ಮತ್ತೆ ಬರುತ್ತಿದ್ದವು. ಇಂದಿನ ಕಾರ್ಡುಗಳಲ್ಲೂ ಅದೇ ಚಾಳಿ ಉಳಿದಿದೆ. ಒಂದೇ ಆಟದ ಜಪಾನ್, ಅಮೆರಿಕ, ಯುರೋಪ್ ಆವೃತ್ತಿಗಳನ್ನು ಮೂರು ಆಟವೆಂದು ಎಣಿಸಿರುತ್ತಾರೆ. ಹಳೆಯ ಆಟಗಳು ಗಾತ್ರದಲ್ಲಿ ತೀರಾ ಚಿಕ್ಕವು: ಮೊದಲ ಸೂಪರ್ ಮಾರಿಯೊ ಬ್ರದರ್ಸ್ 40 ಕೆಬಿ, ಗೇಮ್‌ಬಾಯ್ ಅಡ್ವಾನ್ಸ್‌ನ ದೊಡ್ಡ ಆಟಗಳೂ 32 ಎಂಬಿ. ಜಾಗ ನುಂಗುವುದು ಪ್ಲೇಸ್ಟೇಷನ್ ಆಟಗಳು, ಒಂದೊಂದು ಸಿಡಿಗೆ 700 ಎಂಬಿಯವರೆಗೆ. ಹೆಚ್ಚಿನವರಿಗೆ 64 ಜಿಬಿ ಧಾರಾಳವಾಗಿ ಸಾಕು.

ಇಲ್ಲಿ ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಇಂಥ ಕಾರ್ಡುಗಳಲ್ಲಿರುವ ಆಟಗಳನ್ನು ಬಹುಮಟ್ಟಿಗೆ ಹಕ್ಕುದಾರರ ಅನುಮತಿಯಿಲ್ಲದೆ ತುಂಬಿರುತ್ತಾರೆ. ಮಾರುವುದು ಅಪರಾಧ, ಗೊತ್ತಿದ್ದೂ ಇಂಥ ನಕಲನ್ನು ಬಳಸುವವರಿಗೂ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಅನ್ವಯಿಸುತ್ತದೆ. ಒಂದು ಆಟದ ಹಿಂದೆ ಚಿತ್ರ ಬರೆದವರು, ಸಂಗೀತ ಕೂಡಿಸಿದವರು, ಪ್ರೋಗ್ರಾಂ ಬರೆದವರು ಇರುತ್ತಾರೆ, ಅವರ ದುಡಿಮೆಗೆ ಬೆಲೆ ಸಿಗಬೇಕು. ನನ್ನ ಸಲಹೆ ಕೇಳುವುದಾದರೆ, ಹೆಸರಾಂತ ಕಂಪನಿಯ ಖಾಲಿ ಕಾರ್ಡ್ ಕೊಂಡು ನೀವೇ ತುಂಬಿಕೊಳ್ಳಿ. ಮಿಯೂಗೆ ಆನಿಯನ್, ಆರ್36ಎಸ್‌ಗೆ ಆರ್ಕ್‌ಒಎಸ್ ಎಂಬ ವ್ಯವಸ್ಥೆಗಳು ಉಚಿತವಾಗಿ ಸಿಗುತ್ತವೆ. ಆಟಗಳಿಗೂ ಬರವಿಲ್ಲ: ಗೇಮ್‌ಬಾಯ್‌ಗಾಗಿ ಮಾಡಿದ ಟೋಬು ಟೋಬು ಗರ್ಲ್ ಮುಕ್ತ ಆಟ, 40 ಕೆಬಿಯಲ್ಲೇ ಅಡಗಿಸಿದ ಮೈಕ್ರೊ ಮೇಜಸ್ ಆಟವನ್ನು ಅದನ್ನು ರೂಪಿಸಿದ ತಂಡವೇ ಮಾರುತ್ತದೆ. ಹಾಗಿದ್ದೂ ತುಂಬಿದ ಕಾರ್ಡನ್ನೇ ಕೊಳ್ಳುವುದಾದರೆ, ಉಚಿತ ಹಾಗೂ ಪರವಾನಗಿ ಇರುವ ಆಟಗಳಷ್ಟೇ ಇವೆಯೇ ಎಂದು ಮಾರುವವರನ್ನು ಕೇಳಿ.

ಅಂಗಡಿಯಲ್ಲಿ

‘ಸರ್, ನೋಡಿ, ಮಾರಿಯೊ ಓಡುತ್ತಿದೆ’ ಎಂದು ಅಂಗಡಿಯವರು ತೋರಿಸುವುದರಿಂದ ಏನೂ ತಿಳಿಯುವುದಿಲ್ಲ. 40 ಕೆಬಿಯ ಆಟ ಎಂಥ ಕಳಪೆ ಕಾರ್ಡಿನಲ್ಲೂ ಓಡುತ್ತದೆ. ಮೋಸ ಇರುವುದು ಬೇರೆ ಕಡೆ. ಒಳಗಿನ ಚಿಪ್ 8 ಜಿಬಿಯದಾಗಿದ್ದರೂ 128 ಎಂದು ಹೇಳಿಕೊಳ್ಳುವಂತೆ ಅದರ ನಿಯಂತ್ರಕವನ್ನು ತಿದ್ದಿರುತ್ತಾರೆ. ಕಂಪ್ಯೂಟರಿಗೆ ಹಾಕಿದರೂ 128 ಎಂದೇ ತೋರುತ್ತದೆ. 8 ಜಿಬಿಯ ಆಚೆಗೆ ಬರೆದ ಮಾಹಿತಿ ಮಾತ್ರ ಎಲ್ಲೂ ಉಳಿಯುವುದಿಲ್ಲ. ಹಾಗಾಗಿ ಬೇರೆ ಬೇರೆ ಫೋಲ್ಡರಿನ ದೊಡ್ಡ ಆಟಗಳನ್ನು ತೆರೆಸಿ, ಒಂದೆರಡು ನಿಮಿಷ ಆಡಿ ನೋಡಿ. ಕಾರ್ಡಿನ ಮೇಲೆ ಕಂಪನಿಯ ಹೆಸರು, ವೇಗ ಹೇಳುವ ಗುರುತು (10, ಯು1, ಎ1) ಅಚ್ಚುಕಟ್ಟಾಗಿ ಇವೆಯೇ ನೋಡಿ. ಅಕ್ಷರ ಮಸುಕಾಗಿದ್ದರೆ, ಉಗುರು ತಾಗಿದರೆ ಅಳಿಸುವಂತಿದ್ದರೆ ವಾಪಸ್ ಕೊಡಿ. ಬಿಲ್ಲಿನಲ್ಲಿ ಕಂಪನಿಯ ಹೆಸರು ಮತ್ತು ಜಿಬಿ ಎರಡನ್ನೂ ಬರೆಸಿಕೊಳ್ಳಿ.

ಮನೆಗೆ ಬಂದ ದಿನವೇ

ಕಾರ್ಡ್ ರೀಡರಿನಲ್ಲಿ ಹಾಕಿದೊಡನೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಬಹುದು. ಲಿನಕ್ಸ್ ಭಾಗವನ್ನು ಓದಲು ಬಾರದೆ ಅದು ಹಾಗೆ ಕೇಳುತ್ತದೆ. ಒಪ್ಪಿದರೆ ವ್ಯವಸ್ಥೆಯೇ ಅಳಿಸಿಹೋಗುತ್ತದೆ, ರದ್ದು ಮಾಡಿ. 64 ಜಿಬಿ ಕಾರ್ಡ್ ಸುಮಾರು 59 ಎಂದೂ 128ರದ್ದು 119 ಎಂದೂ ಕಂಡರೆ ಗಾಬರಿ ಬೇಡ; ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರದ್ದು. ಕಾರ್ಡಿನಲ್ಲಿ ಹಲವು ಭಾಗಗಳಿದ್ದರೆ ಆ ಲೆಕ್ಕವನ್ನು ಎಲ್ಲ ಭಾಗಗಳನ್ನೂ ಕೂಡಿಸಿ ನೋಡಬೇಕು.

ಈಗ ವಿನ್32 ಡಿಸ್ಕ್ ಇಮೇಜರ್ ಎಂಬ ತಂತ್ರಾಂಶದಿಂದ ಇಡೀ ಕಾರ್ಡಿನ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ. ಓದುವಾಗಲೇ ದೋಷ ಬಂದರೆ ಅಲ್ಲಿಗೇ ತೀರ್ಮಾನವಾಯಿತು. ಬರದಿದ್ದರೆ ಎಸ್‌ಡಿ ಸಂಸ್ಥೆಯ ಫಾರ್ಮ್ಯಾಟರ್‌ನಿಂದ ಕಾರ್ಡನ್ನು ಖಾಲಿ ಮಾಡಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ. ಲಿನಕ್ಸ್ ಬಳಸುವವರಿಗೆ ಎಫ್3 ಇದೆ. ಇವು ಕಾರ್ಡಿನ ತುಂಬ ಮಾಹಿತಿ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. 64 ಜಿಬಿಗೆ ಒಂದೆರಡು ಗಂಟೆ ಹಿಡಿಯಬಹುದು, ನಡುವೆ ನಿಲ್ಲಿಸಬೇಡಿ. ದೋಷವಿಲ್ಲವೆಂದು ಬಂದರೆ ಇಳಿಸಿಟ್ಟ ಪ್ರತಿಯನ್ನು ಅದೇ ಕಾರ್ಡಿಗೆ ಮರಳಿ ಬರೆಯಿರಿ.

ಜಿಬಿ ಕಡಿಮೆ ಬಂದರೆ ಆ ಪರದೆಯ ಚಿತ್ರ ತೆಗೆದು, ಬಿಲ್ಲಿನೊಂದಿಗೆ ಅಂಗಡಿಗೆ ಹೋಗಿ ಬದಲಿಯನ್ನೋ ಹಣವನ್ನೋ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ.

ಕಾರ್ಡ್ ಗಟ್ಟಿ ಎಂದು ಗೊತ್ತಾದ ಮೇಲೂ ಎರಡು ಅಭ್ಯಾಸ ಬಿಡಬೇಡಿ. ಕನ್ಸೋಲನ್ನು ಪೂರ್ತಿ ಆಫ್ ಮಾಡಿಯೇ ಕಾರ್ಡ್ ತೆಗೆಯಿರಿ. ಆಡಿ ಉಳಿಸಿದ ಹಂತಗಳಿರುವ ಸೇವ್ ಕಡತಗಳನ್ನು ಆಗಾಗ ಕಂಪ್ಯೂಟರಿಗೆ ನಕಲಿಸಿಕೊಳ್ಳಿ.