ರಿಪೋರ್ಟಿನಲ್ಲಿ ‘ಫೀಸಿಬಲ್’ ಅಂತ ಬರೆಯುವ ಮುಂಚೆ

ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ‘ಕೊನೇಲಿ ಫೀಸಿಬಲ್ ಅಂತ ಒಂದು ಸಾಲು ಹಾಕಿಬಿಡಿ ಸಾರ್’ ಅನ್ನುವವರೇ ಜಾಸ್ತಿ. ಸುಮ್ನೆ ಹಾಕೋಕೆ ಬರಲ್ಲ. ಪಾಸಿಬಲ್ ಅಂದರೆ ಆಗಬಹುದು, ಅಷ್ಟೇ. ಫೀಸಿಬಲ್ ಅಂದರೆ ಇರುವ ದುಡ್ಡು, ಜಾಗ, ಜನ, ಸಮಯ ಇಟ್ಟುಕೊಂಡು ಮಾಡಿ ಮುಗಿಸಬಹುದು.

ಸಾಗರದ ಕಡೆಯವರೊಬ್ಬರು ಅಡಿಕೆ ಹಾಳೆ ತಟ್ಟೆ ಮಾಡುವ ಯೂನಿಟ್ ಹಾಕಬೇಕು ಅಂತ ಬಂದರು. ಎರಡು ಮೆಷಿನ್‌ಗೆ ಕೊಟೇಶನ್ ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಹಾಳೆಯ ವಿಷಯ ಕೇಳಿದೆ. ಒಣ ಹಾಳೆ ಕೈಗೆ ಸಿಗುವುದು ಮಳೆ ಹಿಡಿಯುವವರೆಗೆ. ಮಲೆನಾಡಿನ ಮಳೆಯಲ್ಲಿ ನೆನೆದ ಹಾಳೆಗೆ ಬೂಸ್ಟು ಬರುತ್ತದೆ, ಕಪ್ಪು ಕಲೆ ಬೀಳುತ್ತದೆ. ಅಂಥ ತಟ್ಟೆಯನ್ನು ಯಾರು ತಗೋತಾರೆ? ಹಾಗಾಗಿ ಮಳೆಗಾಲದ ಕೆಲಸಕ್ಕೆ ಬೇಕಾಗುವ ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು, ಒಣಗಿಸಿ, ಕಟ್ಟು ಕಟ್ಟಿ ಇಡಬೇಕು. ಸೋರದ ಶೆಡ್ ಬೇಕು. ಹಾಳೆ ತಂದವರಿಗೆ ಅಲ್ಲೇ ಕೊಡಲು ರೊಕ್ಕವೂ ಬೇಕು. ಅವರ ಲೆಕ್ಕದಲ್ಲಿ ಇವೆರಡೂ ಇರಲಿಲ್ಲ.

‘ಸಬ್ಸಿಡಿ ಬರುತ್ತಲ್ಲ’ ಅಂದರು. ಸಣ್ಣ ಉದ್ಯಮ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಅನ್ನುವ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಪ್ರಾಜೆಕ್ಟ್ ವೆಚ್ಚದ 25% ಸಬ್ಸಿಡಿ ಇದೆ, ನಿಜ. ಆದರೆ ಅದು 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಹಾಳೆ ಕೊಳ್ಳೋಕೆ ಆಗುತ್ತದೆಯೇ? ಅದರ ಮೇಲೆ ವೆಚ್ಚದ 10% ಕೈಯಿಂದ ಹಾಕಬೇಕು.

ಕೊನೆಗೆ ಒಂದು ಮೆಷಿನ್ ಬಿಟ್ಟೆವು, ಆ ದುಡ್ಡನ್ನು ಶೆಡ್ಡಿಗೆ ಮತ್ತು ಹಾಳೆ ಖರೀದಿಗೆ ಹಾಕಿದೆವು. ಕರೆಂಟ್ ನಂಬುವಂತಿಲ್ಲ, ಅಚ್ಚು ಕಾಯಿಸಲು ಗ್ಯಾಸ್ ಅಂತ ಬರೆದೆ. ಆಮೇಲೆಯೇ ‘ದಿ ಪ್ರಾಜೆಕ್ಟ್ ಈಸ್ ಫೀಸಿಬಲ್’ ಅನ್ನುವ ಸಾಲು.

ಇಂಗ್ಲಿಷ್ ವಾಕ್ಯದ ಬಗ್ಗೆ ಒಂದು ಮಾತು. ಫೀಸಿಬಲ್ ಅನ್ನುವುದು ಯೋಜನೆಗೆ, ದಾರಿಗೆ, ಕೆಲಸಕ್ಕೆ. ‘ಇಟ್ ಈಸ್ ಫೀಸಿಬಲ್ ಟು ಸ್ಟಾರ್ಟ್ ವಿತ್ ಒನ್ ಮೆಷಿನ್’ ಸರಿ. ‘ಹೀ ಈಸ್ ಫೀಸಿಬಲ್ ಟು ಕಮ್’ ತಪ್ಪು. ನಾಳೆ ಮಳೆ ಬರಬಹುದು ಅನ್ನುವುದಕ್ಕೂ ನಾನು ಈ ಪದ ಹಾಕುವುದಿಲ್ಲ. ಮಳೆಯನ್ನು ನಾವು ಮಾಡಿ ಮುಗಿಸುವುದಿಲ್ಲ, ಅಲ್ವಾ?

ಬ್ಯಾಂಕಿನವರು ಕೇಳುವ ವಯಬಲ್ ಬೇರೆಯದು. ಯೂನಿಟ್ ಶುರುವಾದ ಮೇಲೆ ಕಂತು ಕಟ್ಟಿಕೊಂಡು ನಿಲ್ಲುತ್ತದಾ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಬೇರೆ ಶೀಟ್ ಮಾಡುತ್ತೇನೆ: 12 ಇಂಚಿನ ತಟ್ಟೆ ಎಷ್ಟು, ಸಣ್ಣ ಬಟ್ಟಲು ಎಷ್ಟು, ಮದುವೆ ಸೀಸನ್ ಮುಗಿದ ಮೇಲೆ ಯಾರು ಕೊಳ್ಳುತ್ತಾರೆ. ಇಲ್ಲಿ ಊಹೆ ಜಾಸ್ತಿ, ಹಾಗಾಗಿ ಮಾರಾಟದ ಅಂಕಿಯನ್ನು ಬೇಕೆಂದೇ ಕಡಿಮೆ ಇಟ್ಟೇ ಬರೆಯುತ್ತೇನೆ.