ಬಾಟಲಿಯಲ್ಲಿ ಮಳೆ ಅಳೆದು ಕೊಳೆ ತಡೆದದ್ದು

2013ರ ಮಳೆಗಾಲವನ್ನು ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಮರೆತಿರಲಾರರು. ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಎರಡು ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿಯೂ ನನ್ನ ಎರಡು ಎಕರೆಯಲ್ಲಿ 18 ಕ್ವಿಂಟಲ್ ಬರಬೇಕಾದಲ್ಲಿ 11 ಬಂತು. ಆಗಿನ ದರದಲ್ಲಿ ಒಂದೂವರೆ ಲಕ್ಷ ರೂಪಾಯಿ ಮರದ ಬುಡದಲ್ಲಿ ಬಿದ್ದು ಕೊಳೆಯಿತು. ದ್ರಾವಣದಲ್ಲಿ ತಪ್ಪಿರಲಿಲ್ಲ. ಮೈಲುತುತ್ತ ತೂಗಿದ್ದು ನಾನೇ, ಸುಣ್ಣ ಅರಳಿಸಿದ್ದು ನಾನೇ, ತಾಮ್ರ ಹತ್ತುತ್ತದೆಯೇ ಎಂದು ಚಾಕು ಅದ್ದಿ ನೋಡಿದ್ದೂ ನಾನೇ. ತಪ್ಪಿದ್ದು ದಿನ. ಎಲ್ಲರಂತೆ 45 ದಿನ ಎಣಿಸಿ ಎರಡನೆಯ ಔಷಧಿಗೆ ಕೈಹಾಕುವಷ್ಟರಲ್ಲಿ ಮೊದಲನೆಯದು ಎಂದೋ ತೊಳೆದು ಹೋಗಿತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್‌ಮನ್ ಸಾಹೇಬರು ಕೊಳೆಗೆ ಬೋರ್ಡೋ ಹೊಡೆಯಿರಿ ಎಂದು ಹೇಳಿ ನೂರು ವರ್ಷ ದಾಟಿದೆ; ಔಷಧಿ ಅದೇ. ಹೊಡೆಯುವ ದಿನ ಮಾತ್ರ ಇಂದಿಗೂ ಅಂದಾಜಿನದು. ಹಾಗಾದರೆ ದಿನದ ಬದಲು ಮಳೆಯನ್ನೇ ಎಣಿಸೋಣ ಎಂದು 2014ರ ಮೇ ತಿಂಗಳಲ್ಲಿ ಹೊರಟೆ.

ಕೊಂಡು ತರುವ ಮಳೆಮಾಪಕಕ್ಕೆ ಆಗ ಮೂರು ಸಾವಿರದ ಮೇಲೆ ಹೇಳಿದರು. ನಾನು 60 ರೂಪಾಯಿಯಲ್ಲಿ ಮುಗಿಸಿದೆ. ಬಾಯಿ 11.3 ಸೆಂ.ಮೀ. ಅಗಲವಿರುವ ಲಾಳಿಕೆ ಸಿಕ್ಕರೆ ಅದರ ವಿಸ್ತೀರ್ಣ 100 ಚದರ ಸೆಂ.ಮೀ. ಆಗುತ್ತದೆ, 10 ಮಿ.ಲೀ. ನೀರು ಎಂದರೆ 1 ಮಿ.ಮೀ. ಮಳೆ. ಮಗಳ ಕಾಲೇಜಿನ ಅಳತೆಪಾತ್ರೆ ಮನೆಯಲ್ಲಿಯೇ ಇತ್ತು. ಇಷ್ಟು ಜಾಣತನ ತೋರಿಸಿದವನು ಕೆಳಗಿಟ್ಟದ್ದು ಒಂದು ಲೀಟರಿನ ಬಾಟಲಿ! 100 ಮಿ.ಮೀ. ಆದೊಡನೆ ಅದು ತುಂಬಿ ಹರಿಯುತ್ತದೆ ಎಂಬುದು ಹೊಳೆದದ್ದು ಜುಲೈಯಲ್ಲಿ, ಸತತ ಮೂರು ದಿನ 'ನೂರು, ನೂರು, ನೂರು' ಎಂದು ಬರೆದ ಮೇಲೆ. ಎರಡನೆಯ ವರ್ಷ ಅಂಗಳದ ಸಿಮೆಂಟಿನ ಮೇಲೆ ಇಟ್ಟೆ. ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಹೋಗಿ ಲೆಕ್ಕ ಹೆಚ್ಚಾಯಿತು. ಮೂರನೆಯ ವರ್ಷ ಹಲಸಿನ ಮರ ಹತ್ತಿರವಾಯಿತು. ಈಗ ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟು, ಐದು ಲೀಟರಿನ ಕ್ಯಾನ್ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತೇನೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಮೊದಲ ಮೂರು ವರ್ಷದ ಪುಟಗಳನ್ನು ಹರಿದು ಹಾಕಬೇಕಿತ್ತು, ಮನಸ್ಸು ಬರಲಿಲ್ಲ.

"ಬಾಟಲಿಯಲ್ಲಿ ನೀರು ಅಳೆದರೆ ಕೊಳೆ ನಿಲ್ಲುತ್ತದೆಯೇ ಮಾರಾಯ?" ಎಂದು ಮೇಲಿನ ಮನೆಯ ಭಾವ ಪ್ರತಿ ವರ್ಷ ಕೇಳುತ್ತಿದ್ದರು. ಅಳೆಯುವುದರಿಂದ ನಿಲ್ಲುವುದಿಲ್ಲ, ನಿಜ.

ಪುಸ್ತಕದ ಪಕ್ಕದ ಸಾಲಿನಲ್ಲಿ ಇನ್ನೊಂದು ಲೆಕ್ಕ ಬರೆಯತೊಡಗಿದೆ: ಗುರುತು ಮಾಡಿದ ಇಪ್ಪತ್ತು ಮರಗಳ ಬುಡದಲ್ಲಿ ಉದುರಿದ ಕೊಳೆ ಕಾಯಿ ಎಷ್ಟು ಎಂಬುದು. ಐದಾರು ವರ್ಷ ಬರೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ವರ್ಷದ ಒಟ್ಟು ಮಳೆಗೂ ಕೊಳೆಗೂ ಅಂಥ ನಂಟಿಲ್ಲ. ನಮ್ಮಲ್ಲಿ ಕಡಿಮೆ ವರ್ಷ 1,800 ಮಿ.ಮೀ. ಆಸುಪಾಸು, ಜಾಸ್ತಿ ವರ್ಷ ಮೂರೂವರೆ ಸಾವಿರದ ಹತ್ತಿರ. ಎರಡರಲ್ಲಿಯೂ ಕೊಳೆ ಬಂದದ್ದಿದೆ, ಬಾರದ್ದೂ ಇದೆ. ಔಷಧಿ ಹೊಡೆದ ದಿನದಿಂದ ಕೂಡಿಸುತ್ತ ಹೋದ ಮಳೆ ಸಾವಿರ-ಸಾವಿರದ ನೂರು ದಾಟಿದ ಮೇಲೆ ನಾಲ್ಕು ದಿನ ಬಿಡದೆ ಹೊಯ್ದು, ನಡುನಡುವೆ ಬಿಸಿಲು ಕಾಸಿತೆಂದರೆ, ವಾರದೊಳಗೆ ಕಾಯಿ ಉದುರುತ್ತದೆ. ಆ ಸಾವಿರ ಒಂದು ವರ್ಷ 28 ದಿನಕ್ಕೇ ಮುಗಿದಿತ್ತು. 2023ರಲ್ಲಿ ಜೂನ್ ಸೊರಗಿದ್ದರಿಂದ 50 ದಿನದ ಮೇಲೆ ಹಿಡಿಯಿತು.

ಪಂಚಾಂಗದ ನಕ್ಷತ್ರಗಳಿಗೂ ಒಂದು ಪಟ್ಟಿ ಮಾಡಿದೆ. ಇದರಿಂದ ಕಾಸಿನ ಲಾಭವಿಲ್ಲ, ಚಪಲ ಅಷ್ಟೆ. ಮೃಗಶಿರವನ್ನು ನಂಬುವಂತಿಲ್ಲ: ಒಂದು ವರ್ಷ 60, ಮತ್ತೊಂದು ವರ್ಷ 500. ಆರಿದ್ರಾ ಅಷ್ಟು ಕೈಕೊಟ್ಟಿಲ್ಲ. ಪುನರ್ವಸು, ಪುಷ್ಯ, ಅಂದರೆ ಅಣ್ಣನ ಮಳೆ, ತಮ್ಮನ ಮಳೆ ಎರಡೂ ಸೇರಿ ವರ್ಷದ ಮೂರನೆಯ ಒಂದು ಪಾಲನ್ನು ತಂದು ಸುರಿಯುತ್ತವೆ. ಬನವಾಸಿ ಕಡೆ ಇರುವ ತಂಗಿಯ ಮನೆಯಲ್ಲಿಯೂ ಒಂದು ಲಾಳಿಕೆ ಇಡಿಸಿದ್ದೆ. ನನ್ನಲ್ಲಿ 90 ಆದ ದಿನ ಅಲ್ಲಿ 30 ಆದದ್ದುಂಟು. ಎರಡನೆಯ ವರ್ಷ ಅದರೊಳಗೆ ಕಪ್ಪೆ ಸೇರಿತೆಂದು ತಂಗಿ ಕಿತ್ತು ಒಗೆದಳು.

ಸಾವಿರ ದಾಟುವ ದಿನ ತಿಳಿದರೂ ಆ ಹೊತ್ತಿಗೆ ಹೊಳವು, ಅಂದರೆ ಮಳೆಯ ಬಿಡುವು ಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನೂ ಬೇಕು. ಹೊಳವಾದ ದಿನ ಇಡೀ ಊರಿಗೆ ಅವನೊಬ್ಬನೇ. ಹಾಗಾಗಿ 2024ರಲ್ಲಿ ಮೊದಲೇ 3,000 ರೂಪಾಯಿ ಮುಂಗಡ ಕೊಟ್ಟು, ಫೋನ್ ಮಾಡಿದ ದಿನ ಬರಬೇಕು ಎಂದು ಮಾತಾಡಿಕೊಂಡೆ. "ಭಟ್ಟರೇ, ಮಳೆಗೂ ಮುಂಗಡ ಕೊಟ್ಟಿದ್ದೀರಾ?" ಎಂದು ನಕ್ಕ. ಜೂನ್ ಮೊದಲ ವಾರ ಒಂದು ಸಲ ಔಷಧಿ ಆಗಿತ್ತು. ಜುಲೈ ಎರಡನೆಯ ವಾರ ಲೆಕ್ಕ 980ಕ್ಕೆ ಬಂದಾಗ ಒಂದೂವರೆ ದಿನ ಹೊಳವಾಯಿತು. ಊರಿನವರು ಇನ್ನೂ ಹತ್ತು ದಿನವಿದೆ ಎಂದು ಕೂತಿದ್ದಾಗ ನಾನು ಹೊಡೆಸಿ ಮುಗಿಸಿದೆ. ಮರುವಾರವೇ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಆ ಮಳೆ. ನನ್ನ ಕ್ಯಾನಿನಲ್ಲಿಯೇ ನಾಲ್ಕು ದಿನಕ್ಕೆ 400 ದಾಟಿತು. ಭಾವನವರು ಮೂರು ಸಲ ಹೊಡೆಸಿಯೂ ಕಾಲು ಪಾಲು ಕಳೆದುಕೊಂಡರು. ನನಗೆ ಎರಡು ಸಲದ ಖರ್ಚು, ಮುಂಗಡವೂ ಸೇರಿ ಮೂವತ್ತು ಸಾವಿರದೊಳಗೆ ಮುಗಿಯಿತು, ಕೊನೆಯಲ್ಲಿ 17 ಕ್ವಿಂಟಲ್ ಚಿಲ್ಲರೆ ಸಿಕ್ಕಿತು. ಎರಡನೆಯ ಸಲ ದ್ರಾವಣಕ್ಕೆ, ಅದು ಅಂಟಿಕೊಳ್ಳಲೆಂದು ಹಾಕುವ ರಾಳದ ಜೊತೆ ಇನ್ನೊಂದನ್ನು ಸೇರಿಸಿದ್ದೆ. ಅದೇನೆಂದು ಕೊನೆಗೌಡನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

2025ರಲ್ಲಿ ಮಾತ್ರ ಪೆಟ್ಟು ತಿಂದೆ. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ಎರಡು ದಿನದಲ್ಲಿ ನಮ್ಮ ಮೇಲೂ ಇತ್ತು. ಮೈಲುತುತ್ತ ಇನ್ನೂ ಅಂಗಡಿಯಲ್ಲಿಯೇ ಇತ್ತು. ಮೊದಲ ಔಷಧಿಯೇ ಆಗದಿದ್ದರೆ ಎಲ್ಲಿಂದ ಕೂಡಿಸುವುದು? ಹಳೆಯ ಪದ್ಧತಿಗೆ ಮರಳಿ, ಕೆಳಗಿನ ಅರ್ಧ ಎಕರೆಗೆ, ಅಡಿಕೆ ಗೊನೆಗೆ ಮಳೆ ತಾಗದಂತೆ ಮುಚ್ಚುವ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದೆ. ಅದರ ಖರ್ಚನ್ನು ಹೆಂಡತಿಯ ಎದುರು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಂದಿನಿಂದ ಮೇ 10ಕ್ಕೇ ಮೈಲುತುತ್ತ ಮನೆಯಲ್ಲಿರಬೇಕು ಎಂದು ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಭಾವನವರೂ ಒಂದು ಲಾಳಿಕೆ ತಂದಿದ್ದಾರೆ. ಬಾಯಿ 14 ಸೆಂ.ಮೀ. ಇದೆ, ಲೆಕ್ಕ ಬೇರೆಯಾಗುತ್ತದೆ ಎಂದರೆ ಕೇಳುತ್ತಿಲ್ಲ.